ಮಸಿ ತೀಡದ ಗರಿಗಳು

"ಗುರುಗಳೇ, ಖಿನ್ನತೆ ನಮ್ಮ ಮನೆತನದ ಡಿಎನ್‌ಎಯಲ್ಲೇ ಬರೆದಿದೆಯಲ್ಲವೇ?" ಎಂದು ಶಿಷ್ಯೆ ದಾಕ್ಷಾಯಿಣಿ ಕೇಳಿದಳು. "ಅಮ್ಮ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಈಗ ನನಗೂ ಅದೇ. ಇದು ನನ್ನಲ್ಲೇ ಮುಗಿಯಲಿ. ಮಗು ಬೇಡವೆಂದು ಗಂಡನಿಗೆ ಹೇಳಿಬಿಟ್ಟೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹಾಡುಗಾರ್ತಿ ಇದ್ದಳು. ಹಾಡಿನ ಓಲೆಗರಿಗಳಿಗೆ ಹುಳ ಬಿದ್ದಾಗ ಎಲ್ಲ ಹಾಡುಗಳನ್ನೂ ಹೊಸ ಗರಿಗಳ ಮೇಲೆ ಕೊರೆದಳು. ಕೊರೆದ ಅಕ್ಷರ ಹಾಗೇ ಕಾಣುವುದಿಲ್ಲ. ಮಸಿ ತೀಡಿ ಒರೆಸಿದರೆ ಮಾತ್ರ ಎದ್ದು ಬರುತ್ತದೆ. ಮಸಿ ತೀಡುವ ಹೊತ್ತಿಗೆ ಊರಿಗೆ ಪ್ಲೇಗು ಬಂತು. ಅವಳ ಮೂವರು ಮಕ್ಕಳಲ್ಲಿ ಇಬ್ಬರು ಹೋದರು. ಪಾಪ, ಅಳುವ ಹಾಡುಗಳಿಗಷ್ಟೇ ಮಸಿ ತೀಡಿದಳು. ಜೋಗುಳದ ಗರಿಗಳ ಮೇಲೆ ಕೈ ಹೋಗಲಿಲ್ಲ.

ಉಳಿದ ಮಗಳು ಕಣ್ಣಿಗೆ ಕಂಡದ್ದನ್ನೇ ಕಲಿತಳು. ಮಿಕ್ಕ ಗರಿಗಳು ಮುಂದಿನವರು ಬರೆಯಲೆಂದು ಖಾಲಿ ಬಿಟ್ಟಂಥವು ಎಂದುಕೊಂಡಳು. ಹಾಗೆ ಬಿಡುವ ರೂಢಿಯೂ ಇತ್ತು. ಊರವರು ಅವಳನ್ನು ಸಾವಿನ ಮನೆಗೆ ಮಾತ್ರ ಕರೆದರು.

ಹಾಡುಗಾರ್ತಿಯ ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹಾಡಲು ಅವಳಿಗೆ ಒಂದು ಜೋಗುಳವೂ ಗೊತ್ತಿರಲಿಲ್ಲ. ಓಲೆಯ ಕಟ್ಟನ್ನು ಎತ್ತಿಕೊಂಡು ಹೋಗಿ ಓಲೆ ಬರೆಯುವ ಮುದುಕನ ಮುಂದಿಟ್ಟು ಅತ್ತಳು.

"ನಮ್ಮನೆ ಕಟ್ಟಲ್ಲಿ ಬರೀ ಅಳುವೇ ಬರೆದೈತೆ, ಅಜ್ಜ. ಈ ಕೂಸನ್ನ ಬೇರೆ ಯಾರಾದ್ರೂ ಸಾಕ್ಕೊಳ್ಳಲಿ."

ಮುದುಕ ಖಾಲಿ ಗರಿಯೊಂದರ ಮೇಲೆ ಉಗುರು ಎಳೆದ. ಉಗುರಿಗೆ ಗೀರು ಸಿಕ್ಕಿತು. ದೀಪದ ಮಸಿ ತೀಡಿ ಒರೆಸಿದ. ಜೋಗುಳದ ಮೊದಲ ಸಾಲು ಎದ್ದು ಬಂತು.

"ಅಜ್ಜಿ ಯಾಕೆ ಇದನ್ನ ಬಚ್ಚಿಟ್ಟಳು?"

"ಬಚ್ಚಿಡಲಿಲ್ಲ ಕಣವ್ವ. ಕೊರೆದೋಳೂ ಅವಳೇ ಅಲ್ವಾ? ಆಮೇಲೆ ಮಸಿ ತೀಡೋಕೆ ಕೈ ಬರಲಿಲ್ಲ, ಅಷ್ಟೇ."

ಕತೆ ನಿಲ್ಲಿಸಿ ಗುರುಗಳು ನಕ್ಕರು. "ಡಿಎನ್‌ಎಯ ಅಕ್ಷರ ಹಾಗೇ ಇದ್ದರೂ, ಬದುಕಿನ ಪೆಟ್ಟಿನಿಂದ ಅದರ ಮೇಲಿನ ಗುರುತುಗಳು ಬದಲಾಗಬಹುದಂತೆ. ಅದಕ್ಕೂ ಖಿನ್ನತೆಗೂ ಎಷ್ಟು ನಂಟು, ಮಕ್ಕಳಿಗೆ ಎಷ್ಟು ದಾಟುತ್ತದೆ ಎಂದು ಬಲ್ಲವರು ಇನ್ನೂ ಹುಡುಕುತ್ತಿದ್ದಾರೆ. ನೀನಾಗಲೇ ತೀರ್ಪು ಕೊಟ್ಟು ಕೂತಿದ್ದೀಯೆ!"

"ಆ ಗರಿಗಳೆಲ್ಲ ಓದಲು ಬಂದವೇ?"

"ಎಲ್ಲವೂ ಬರಲಿಲ್ಲ. ಕೆಲವಕ್ಕೆ ವರ್ಷ ವರ್ಷವೂ ಮಸಿ ತೀಡಬೇಕಾಯಿತು. ನೀನೂ ಔಷಧಿ ಬಿಡಬೇಡ."

"ಆದರೂ ಅಮ್ಮ ನನ್ನನ್ನು ಒಂದು ದಿನವೂ ಎತ್ತಿ ಆಡಿಸಲಿಲ್ಲ, ಗುರುಗಳೇ."

ಗುರುಗಳು ಮೆಲ್ಲಗೆ ಕೇಳಿದರು: "ನಿನಗೇನಾಗಿತ್ತಮ್ಮ ಎಂದು ಅವಳನ್ನು ಈವರೆಗೆ ಯಾರಾದರೂ ಕೇಳಿದ್ದಾರೆಯೇ, ಮಗಳೇ?"

ದಾಕ್ಷಾಯಿಣಿ ಎದ್ದು ಅಮ್ಮನ ಮನೆಯ ದಾರಿ ಹಿಡಿದಳು.