ಬಂಡೆಯ ಮೇಲಿನ ಹೆಬ್ಬಾತು

ದೇವರ ದಯೆಯಿಂದ ಎಂದೂ ಬತ್ತದ ಕೆರೆಯೊಂದು ಕಾಡಿನ ನಡುವೆ ಇತ್ತು, ಮಕ್ಕಳೇ. ಆ ವರ್ಷ ಮಾತ್ರ ಅದರ ತುಂಬ ಜೊಂಡು ಹಬ್ಬಿ, ನೀರೇ ಕಾಣದಂತೆ ಮುಚ್ಚಿಬಿಟ್ಟಿತ್ತು. ಆಕಾಶದಿಂದ ನೋಡಿದವರಿಗೆ ಅದೂ ಒಂದು ಹುಲ್ಲುಗಾವಲಿನ ಹಾಗೆಯೇ ತೋರುತ್ತಿತ್ತು.

ಇದರಿಂದ ಕಂಗಾಲಾದವಳು ಹೆಬ್ಬಾತಿನ ಮರಿ ಗಿರಿಜೆ. ಹಿಂದಿನ ಚಳಿಗಾಲದಲ್ಲಿ ಅಪ್ಪ ಅಮ್ಮನ ಜೊತೆ ಹಿಮಾಲಯದಾಚೆಯಿಂದ ಹಾರಿ ಬಂದವಳು, ರೆಕ್ಕೆಗೆ ಪೆಟ್ಟಾಗಿ ಇಲ್ಲೇ ಉಳಿದುಬಿಟ್ಟಿದ್ದಳು. "ಮುಂದಿನ ಚಳಿಗೆ ಬಂದೇ ಬರ್ತೀವಿ ಮಗಳೇ, ಈ ಕೆರೆ ಬಿಟ್ಟು ಎಲ್ಲೂ ಹೋಗಬೇಡ" ಎಂದು ಹೇಳಿ ಅಮ್ಮ ಹೋಗಿದ್ದಳು. ಈಗ ಚಳಿಯೇನೋ ಬಂತು. ಕೆರೆಯೇ ಕಾಣದಿದ್ದರೆ ಅಮ್ಮ ಇಳಿಯುವುದೆಲ್ಲಿ?

ಆ ಕೆರೆಯ ಮರಿಗಳಿಗೆಲ್ಲ ಪಾಠ ಹೇಳುತ್ತಿದ್ದವಳು ನಾಮದ ಕೋಳಿ ಎಂಬ ನೀರುಹಕ್ಕಿ. ಹಣೆಯ ಮೇಲಿನ ಬಿಳಿ ನಾಮವನ್ನು ದೇವರೇ ಎಳೆದು ಕಳಿಸಿದ್ದರಿಂದ ಬೆಳಗ್ಗೆ ಅವಳಿಗೆ ಸ್ವಲ್ಪ ಸಮಯ ಉಳಿಯುತ್ತಿತ್ತು. ಆ ಸಮಯದಲ್ಲಿ ಒಳ್ಳೆಯ ಯೋಚನೆ ಮಾಡುತ್ತಿದ್ದಳು.

"ದಡದ ದೊಡ್ಡ ಬಂಡೆ ಮೇಲೆ ಎಲ್ಲರೂ ಸೇರಿ ಒಂದು ಹೆಬ್ಬಾತು ಬರೆಯೋಣ. ಮೇಲೆ ಹಾರುವವರಿಗೆ, ಇಲ್ಲಿ ನಮ್ಮವರಿದ್ದಾರೆ ಅಂತ ಗೊತ್ತಾಗಲಿ" ಎಂದಳು.

ಬಿಳಿ ಜೇಡಿಮಣ್ಣು, ಕೆಮ್ಮಣ್ಣು, ಸುಟ್ಟ ಮರದ ಇದ್ದಿಲು ಬಂದವು. ಎಲ್ಲರೂ ಕೂಡಿ ಮೈ ಮತ್ತು ರೆಕ್ಕೆ ಬಳಿದರು. ಕೊಕ್ಕು ಅಳಿಲಿನ ಮರಿ ಚಿಕ್ಕುವಿನ ಪಾಲಿಗೆ, ಕಾಲು ಮುಂಗುಸಿಯ ಮರಿ ಚುರುಕನ ಪಾಲಿಗೆ, ತಲೆ ಕೋತಿಮರಿ ಕಿಟ್ಟಿಯ ಪಾಲಿಗೆ ಬಂದವು.

"ಕಿಟ್ಟಿ, ತಲೆ ಹಿಂದೆ ಎರಡು ಕರಿ ಪಟ್ಟೆ ಮರೀಬೇಡ ಕಣೋ. ನಮ್ಮವರ ಗುರುತೇ ಅದು" ಎಂದಳು ಗಿರಿಜೆ.

ಕಿಟ್ಟಿ ನಾಲಗೆ ಹೊರಚಾಚಿ, ಉಸಿರು ಬಿಗಿಹಿಡಿದು ಎರಡು ಪಟ್ಟೆ ಎಳೆದ. ಎರಡೂ ಸೊಟ್ಟ. ಕೊಕ್ಕು ಮೊಂಡು, ಒಂದು ಕಾಲು ಉದ್ದ, ಒಂದು ಗಿಡ್ಡ. ಆದರೂ ನೋಡಿದವರು ಹೆಬ್ಬಾತು ಎಂದೇ ಹೇಳುವಂತಿತ್ತು.

"ಮಣ್ಣು ಒಣಗಲಿ. ಹೋಗಿ ಕೈಕಾಲು ತೊಳೆದು ಊಟ ಮಾಡಿ ಬನ್ನಿ" ಎಂದು ಟೀಚರಮ್ಮ ಮರಿಗಳನ್ನು ಕರೆದುಕೊಂಡು ಹೋದಳು. ಹೋಗುವಾಗ, ನೋಡಲು ಬಂದು ನಿಂತಿದ್ದ ತಾಯ್ತಂದೆಯರಿಗೂ ಹೇಳಿದಳು: "ತಾವು ಯಾರೂ ಬಂಡೆ ಹತ್ತಬಾರದು."

"ಛೇ ಛೇ, ನಾವ್ಯಾಕೆ ಹತ್ತೋಣ!" ಎಂದರು ಎಲ್ಲರೂ. ಪುಣ್ಯಾತ್ಮರು, ಅವಳು ಮರೆಯಾಗುವವರೆಗೂ ಮಾತು ಉಳಿಸಿಕೊಂಡರು.

ಮೊದಲು ಹತ್ತಿದವಳು ಅಳಿಲಮ್ಮ. "ಇಷ್ಟೇ ಇಷ್ಟು ಕೊಕ್ಕಾ? ನಮ್ಮ ಬೆನ್ನ ಮೇಲಿನ ಮೂರು ಗೆರೆ ಸುಮ್ಮನೆ ಬಂದದ್ದಲ್ಲ. ಸೇತುವೆಗೆ ಮರಳು ಹೊತ್ತ ಮನೆತನ ನಮ್ಮದು. ನೋಡಿದವರು ಏನಂದಾರು!" ಎನ್ನುತ್ತ ಕೊಕ್ಕನ್ನು ಉದ್ದ ಮಾಡಿದಳು. ಉದ್ದವಾದದ್ದು ಬಂಡೆಯ ಅಂಚು ಮುಟ್ಟಿತು. ಹಾಗಾಗಿ ಕೆಳಕ್ಕೆ ಕೊಕ್ಕೆಯ ಹಾಗೆ ಬಗ್ಗಿಸಿದಳು.

"ಸೇತುವೆಗೆ ನಿಮ್ಮದು ಮರಳಾದರೆ ನಮ್ಮವರದು ಬಂಡೆ" ಎನ್ನುತ್ತ ಕೋತಿಯಮ್ಮ ಹತ್ತಿದಳು. "ಅಯ್ಯೋ, ನನ್ನ ಮಗ ಇಲ್ಲೇನೋ ಕರ್ರಗೆ ಗೀಚಿಟ್ಟಿದ್ದಾನೆ!" ಎಂದು ಎರಡು ಪಟ್ಟೆಗಳನ್ನೂ ಅಳಿಸಿ, ಅಲ್ಲಿ ಕೆಂಪು ಕಿರೀಟವನ್ನಿಟ್ಟಳು.

ಮುಂಗುಸಿ ರಾಯರು ಸುಮ್ಮನಿರುತ್ತಾರೆಯೇ? "ನಮ್ಮ ಹುಡುಗನ ಕಾಲನ್ನೇ ಯಾರೂ ನೋಡೋದಿಲ್ಲವಲ್ಲ" ಎಂದು ಒಂದೊಂದು ಬೆರಳಿಗೂ ಮಾರುದ್ದದ ಉಗುರು ಬರೆದರು.

ಮಕ್ಕಳೇ, ಭಗವಂತನಿಗೂ ಸಂತಾನವಿದೆ. ಆದರೆ ಅವನು ನಮ್ಮನ್ನು ಹುಟ್ಟಿಸಿ, ನಾವು ಸೊಟ್ಟಸೊಟ್ಟ ನಡೆಯುವುದನ್ನು ಸುಮ್ಮನೆ ಮೇಲಿಂದ ನೋಡುತ್ತಿರುತ್ತಾನೆ. ಈ ತಾಯ್ತಂದೆಯರಿಗೆ ಇರುವಷ್ಟು ಜವಾಬ್ದಾರಿ ಅವನಿಗೆ ಎಲ್ಲಿಂದ ಬರಬೇಕು?

ಮರಿಗಳು ಹಿಂತಿರುಗುವ ಹೊತ್ತಿಗೆ ಆಕಾಶದಲ್ಲಿ "ಹಾಂಕ್, ಹಾಂಕ್" ಎಂಬ ಸದ್ದು ಕೇಳಿಸಿತು.

"ಅಮ್ಮ! ನಮ್ಮಮ್ಮ!" ಗಿರಿಜೆ ಕುಣಿದಳು.

ಹೆಬ್ಬಾತುಗಳ ಸಾಲು ಕೆಳಗಿಳಿಯಿತು, ಇನ್ನಷ್ಟು ಇಳಿಯಿತು. ಮರುಕ್ಷಣವೇ ಚದುರಿಹೋಯಿತು. "ಹದ್ದು! ಹದ್ದು! ರೆಕ್ಕೆ ಬಿಚ್ಚಿ ಕೂತಿದೆ! ಹಾರಿ, ಹಾರಿ!" ಎಂದು ಮೇಲಿನಿಂದ ಕೂಗು ಕೇಳಿತು. ಸಾಲು ಗುಡ್ಡದಾಚೆ ಮರೆಯಾಯಿತು. ಗಿರಿಜೆಯ ಕೂಗು ಅಷ್ಟು ಎತ್ತರಕ್ಕೆ ಏರಲಿಲ್ಲ.

ಮರಿಗಳು ಬಂಡೆಗೆ ಓಡಿದವು. ಕೊಕ್ಕೆಯ ಕೊಕ್ಕು, ಮಾರುದ್ದದ ಉಗುರು.

"ಇದು ನಾನು ಬರೆದ ಕಾಲಲ್ಲ" ಎಂದ ಚುರುಕ.

"ನನ್ನ ಪಟ್ಟೆ ಎಲ್ಲಿ?" ಎಂದ ಕಿಟ್ಟಿ.

"ಸ್ವಲ್ಪ ತಿದ್ದಿದೆ ಕಂದಾ, ನಿನಗೇ ಒಳ್ಳೇ ಹೆಸರು ಬರಲಿ ಅಂತ" ಎಂದಳು ಕೋತಿಯಮ್ಮ.

"ಒಳ್ಳೇ ಹೆಸರೇ ಬಂತು. ಹದ್ದು ಅಂತ" ಎಂದ ಚಿಕ್ಕು.

ಗಿರಿಜೆ ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಾಮದ ಕೋಳಿ ಅವಳ ಬಳಿ ಬಂದು, "ಸುತ್ತಮುತ್ತ ಬೇರೆ ನೀರಿಲ್ಲ ಮಗೂ. ದೇವರು ಅವರನ್ನು ಇನ್ನೊಂದು ಸುತ್ತು ಇತ್ತ ತಿರುಗಿಸಿಯೇ ತಿರುಗಿಸುತ್ತಾನೆ. ಪ್ರಾರ್ಥನೆ ಮಾಡೋಣ" ಎಂದಳು.

"ಮಾಡೋಣ ಟೀಚರ್" ಎಂದು ಗಿರಿಜೆ ಕಣ್ಣೊರೆಸಿಕೊಂಡಳು, "ನೀರು ಎರಚ್ತಾ ಮಾಡೋಣ."

ಮರಿಗಳೆಲ್ಲ ಎಲೆಯಲ್ಲಿ ನೀರು ತಂದವು. ಚಿಕ್ಕು ಬಾಲದಿಂದಲೇ ಕೊಕ್ಕೆಯನ್ನು ಉಜ್ಜಿ ಅಳಿಸಿದ. ಚುರುಕ ಉಗುರು ತೊಳೆದ. "ಅಯ್ಯೋ, ನನ್ನ ಕಿರೀಟ!" ಎಂದು ಕೋತಿಯಮ್ಮ ಚೀರಿದಳು. ನನ್ನ ಮಗನ ಕಿರೀಟ ಎನ್ನುವುದು ಅವಸರದಲ್ಲಿ ಅವಳಿಗೆ ಮರೆತುಹೋಗಿತ್ತು, ಪಾಪ.

ಒದ್ದೆ ಬಂಡೆಯ ಮೇಲೆ ಇದ್ದಿಲು ಜಾರುತ್ತಿತ್ತು. ಕಿಟ್ಟಿ ಒಂದು ತುದಿ, ಗಿರಿಜೆ ಇನ್ನೊಂದು ತುದಿ ಹಿಡಿದು ಎರಡು ಪಟ್ಟೆ ಎಳೆದರು. ಈ ಸಲ ಇನ್ನೂ ಸೊಟ್ಟ.

ಹೊತ್ತು ಇಳಿಯುವಾಗ ಗುಡ್ಡದ ಮೇಲೆ ಮತ್ತೆ "ಹಾಂಕ್" ಎಂಬ ಸದ್ದು. ಸಾಲು ಒಂದು ಸುತ್ತು ಹೊಡೆಯಿತು. ಅದರಲ್ಲಿ ಒಂದು ಹಕ್ಕಿ ಮಾತ್ರ ಕೊಂಚ ಕೆಳಗೆ ಬಂತು, ಕತ್ತು ಓರೆ ಮಾಡಿ ನೋಡಿತು. ಆಮೇಲೆ ನೇರ ಗಿರಿಜೆಯ ಮುಂದೆಯೇ ಇಳಿಯಿತು.

ತಾಯಿ ಮಗಳು ಕತ್ತಿಗೆ ಕತ್ತು ಸುತ್ತಿಕೊಂಡು ನಿಂತದ್ದನ್ನು ಬಣ್ಣಿಸುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ.

"ಆಗ ಹೆದರಿ ಓಡಿದವರು ಈಗ ಹೇಗೆ ಇಳಿದಿರಿ ತಾಯಿ?" ಎಂದು ಕೇಳಿದಳು ನಾಮದ ಕೋಳಿ.

"ಪಟ್ಟೆ ಕಂಡಿತು. ಅದೂ ಎಷ್ಟು ಸೊಟ್ಟ! ಇದು ಬೇಟೆಗಾರರ ಮೋಸ ಅಲ್ಲ, ಮಕ್ಕಳೇ ಬರೆದಿರಬೇಕು ಅಂತ ಧೈರ್ಯ ಬಂತು. ಇಳಿದೆ" ಎಂದಳು ತಾಯಿ ಹೆಬ್ಬಾತು.

ಬಂಡೆಯ ಕೆಳಗೆ ಕೋತಿಯಮ್ಮ ಅಳಿಲಮ್ಮನ ಕಿವಿಯಲ್ಲಿ ಹೇಳುತ್ತಿದ್ದಳು: "ಆ ಸೊಟ್ಟ ಇದೆಯಲ್ಲ, ಅದನ್ನ ಅವನಿಗೆ ಹೇಳಿಕೊಟ್ಟವಳೇ ನಾನು."

ನೀತಿ: ಮಕ್ಕಳು ಕೂಡಿ ಮಾಡುವ ಕೆಲಸವನ್ನು ಚೆಂದ ಮಾಡಲು ಹೊರಟ ದೊಡ್ಡವರು ಕೆಲಸವನ್ನೇ ಕೆಡಿಸುತ್ತಾರೆ, ಸೊಟ್ಟಗಿದ್ದರೂ ಮಕ್ಕಳ ಗೆರೆ ಮಕ್ಕಳದಾಗಿಯೇ ಇರಲಿ.