ವರ್ಷದ ಉತ್ತಮ ಎತ್ತು

ಎಣ್ಣೆ ಗಾಣದ ಯಜಮಾನ ನರಿರಾಯ ಸಂಕ್ರಾಂತಿಗೆ ಗಿರಾಕಿಗಳಿಗೆಲ್ಲ ಎಳ್ಳುಬೆಲ್ಲದ ಪೊಟ್ಟಣ ಪುಕ್ಕಟೆ ಹಂಚಿದ. ಪೊಟ್ಟಣದಲ್ಲಿ ಎಳ್ಳಿಗಿಂತ ಅವನ ಫೋಟೋನೇ ಜಾಸ್ತಿ. ಗಾಣ ಎಳೆಯುವ ಎತ್ತು ಮಲ್ಲಣ್ಣನಿಗೆ ‘ವರ್ಷದ ಉತ್ತಮ ನೌಕರ’ ಅಂತ ಶಾಲು ಹೊದಿಸಿದ.

“ಸ್ವಾಮಿ, ಇವತ್ತು ಎತ್ತುಗಳದೇ ಹಬ್ಬ. ಶಾಲು ಬೇಡ, ಒಂದು ದಿನ ರಜೆ ಕೊಡಿ,” ಎಂದ ಮಲ್ಲಣ್ಣ.

“ಸನ್ಮಾನ ಆದಮೇಲೂ ರಜೆ ಯಾಕಪ್ಪಾ? ಗಾಣ ಎಳಿ, ಗಿರಾಕಿಗಳು ನೋಡ್ಲಿ!”

ಮಲ್ಲಣ್ಣ ಶಾಲು ಹೊದ್ದು ಅಂಗಡಿ ಬಾಗಿಲಲ್ಲೇ ಮಲಗಿಬಿಟ್ಟ. ಎಣ್ಣೆಗೆ ಬಂದ ಮೇಕೆಯಕ್ಕ ಕೇಳಿದಳು, “ಏನಣ್ಣಾ, ಕೆಲಸ ಇಲ್ವಾ?”

“ಯಜಮಾನ್ರು ಹಬ್ಬಕ್ಕೆ ರಜೆ ಕೊಟ್ಟಿದ್ದಾರೆ ಕಣಕ್ಕಾ. ದೇವರಂಥೋರು!”

ನೆರೆದವರೆಲ್ಲ ನರಿರಾಯನಿಗೆ ಚಪ್ಪಾಳೆ ತಟ್ಟಿದರು. ಅವನು ಹಲ್ಲು ಕಿರಿದು ಕೈ ಮುಗಿದ. ಮೇಕೆಯಕ್ಕನಿಗೆ ಎಣ್ಣೆ ಬೇಕಿತ್ತಲ್ಲ, ನರಿರಾಯ ಒಳಗೆ ಹೋಗಿ ನೊಗಕ್ಕೆ ತಾನೇ ಕತ್ತು ಕೊಟ್ಟ.