ಮಾರ್ತಾಂಡ ಸ್ವಾಪಿಗೆ ಜಾಗ ಮಾಡಿದ್ದು

ಮಾರ್ತಾಂಡನಿಗೆ ಮೂವತ್ತೆರಡು ವರ್ಷ. ಹೇಳಿದ ಕೆಲಸ ಮಾಡಲ್ಲ ಅನ್ನೋ ದೂರು ಅವನ ಮೇಲೆ ಯಾವತ್ತೂ ಇರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ ಅನ್ನೋದೇ ಅವರಮ್ಮ ಸುಭದ್ರಮ್ಮನ ಗೋಳು. ಕಲ್ಲಾಪುರದ ರಕ್ತನಿಧಿಯಲ್ಲಿ ಸರ್ವರ್ ನೋಡಿಕೊಳ್ಳೋ ಕೆಲಸ ಆಕೆಯದು. ಯಾವ ಗುಂಪಿನ ರಕ್ತ ಎಷ್ಟಿದೆ, ಯಾರಿಗೆ ಹೋಯ್ತು, ಎಲ್ಲಾ ಅದರಲ್ಲೇ. ಡಾಕ್ಟರ ಕೈಕಾಲು ಹಿಡಿದು ಮಗನನ್ನೂ ಅಲ್ಲೇ ಸೇರಿಸಿದ್ದಳು. ಅದಕ್ಕೆ ದಿನಾ ತನ್ನನ್ನೇ ಬೈದುಕೊಳ್ತಿದ್ದಳು.

ಸೋಮವಾರ ಸರ್ವರ್ ತೆವಳೋಕೆ ಶುರುವಾಯ್ತು.

"ಮೆಮೊರಿ ತುಂಬಿದೆ ಕಣೋ. ಸ್ವಾಪಿಗೆ ಒಂಚೂರು ಜಾಗ ಮಾಡು," ಅಂತ ಹೇಳಿ ಸುಭದ್ರಮ್ಮ ಡಾಕ್ಟರ ಹತ್ತಿರ ಹೋದಳು. ಬಂದು ನೋಡ್ತಾಳೆ, ಅವಳ ಮೇಜು ಹೊರಗೆ, ಬೀರು ಹೊರಗೆ. ಒಳಗೆ ನೆಲ ಒರೆಸಿ ನಿಂತಿದ್ದಾನೆ ಮಗರಾಯ.

"ಇಷ್ಟು ಸಾಕಾ ಅಮ್ಮಾ? ಸ್ವಾಪ್ ಎಷ್ಟು ಅಗಲ ಇರುತ್ತೆ?"

"ನಿನ್ನ ತಲೆಯಷ್ಟು," ಅಂದಳು ಸುಭದ್ರಮ್ಮ ಹಲ್ಲು ಕಡಿದು. "ಮೆಮೊರಿ ತುಂಬಿದರೆ ಸರ್ವರು ಸದ್ಯಕ್ಕೆ ಬೇಡದ್ದನ್ನ ಡಿಸ್ಕಿನ ಒಂದು ಮೂಲೆಯಲ್ಲಿಡುತ್ತೆ. ಆ ಮೂಲೆಗೆ ಸ್ವಾಪ್ ಅನ್ನೋದು. ಡಿಸ್ಕಿನೊಳಗೆ ಜಾಗ ಮಾಡೋ ದಡ್ಡ. ಯಾರೂ ಮುಟ್ಟದೇ ಬಿದ್ದಿರೋದನ್ನ ಅಳಿಸು."

ಮಂಗಳವಾರ ಡಿಸ್ಕಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಸುಭದ್ರಮ್ಮ ಒಂದೊಂದೇ ತೆರೆದು ನೋಡಿದಳು. ಆಪತ್ತಿಗೆ ಅಂತ ನಕಲು ಮಾಡಿಟ್ಟಿದ್ದ ಒಂದು ವರ್ಷದ ಬ್ಯಾಕಪ್ ಇರಲಿಲ್ಲ.

"ಅದನ್ನ ಯಾಕೋ ಅಳಿಸಿದೆ?"

"ಯಾರೂ ಮುಟ್ಟಿರಲಿಲ್ಲ ಅಮ್ಮಾ. ಆ ಫೋಲ್ಡರಿಗೆ 'ಮುಟ್ಟಬೇಡಿ' ಅಂತ ನೀನೇ ಹೆಸರಿಟ್ಟಿದ್ದೆ."

ಸುಭದ್ರಮ್ಮ ಕೈಯಲ್ಲಿದ್ದ ಫೈಲು ಎಸೆದಳು. ಅವನು ಅದನ್ನ ಹೆಕ್ಕಿ, ಧೂಳು ಕೊಡವಿ, ತಂದುಕೊಟ್ಟ. ಅವಳ ಸಿಟ್ಟು ಇನ್ನೂ ಏರಿತು.

"ಕೇಳಿಸ್ಕೋ. ಹಳೇ ಸ್ವಾಪ್ ಚಿಕ್ಕದು, ಅದನ್ನ ತೆಗೆದು ದೊಡ್ಡದು ಮಾಡಬೇಕು. ಆದರೆ ನಡೀತಿರೋದನ್ನ ಹಾಗೇ ಕೀಳಬಾರದು. ಮೊದಲು ಆಫ್ ಮಾಡು, ಆಮೇಲೆ ತೆಗಿ. ಏನಂದೆ?"

"ಮೊದಲು ಆಫ್ ಮಾಡು, ಆಮೇಲೆ ತೆಗಿ," ಅಂದ ಮಾರ್ತಾಂಡ. ಅಂಗೈ ಮೇಲೆ ಬರೆದುಕೊಂಡ.

ಅಷ್ಟರಲ್ಲಿ ನರ್ಸ್ ನೂರ್‌ಜಹಾನ್ ಬಂದು, "ಮಾರ್ತಾಂಡಣ್ಣಾ, ಫ್ರಿಜ್ಜಿಂದ ಎರಡು ಚೀಲ ರಕ್ತ ತೆಗೆದುಕೊಡಿ," ಅಂದಳು. ಇವನು ಅಂಗೈ ನೋಡಿಕೊಂಡ. ಫ್ರಿಜ್ ಆಫ್ ಮಾಡಿದ, ಚೀಲ ತೆಗೆದ, ಕೊಟ್ಟ, ಹೋದ.

ಇಪ್ಪತ್ತು ನಿಮಿಷ ಬಿಟ್ಟು ಫ್ರಿಜ್ಜಿನ ದೀಪ ಆರಿದ್ದು ನೂರ್‌ಜಹಾನ್ ಕಣ್ಣಿಗೆ ಬಿತ್ತು. ಪುಣ್ಯಕ್ಕೆ ತಂಪು ಇಳಿದಿರಲಿಲ್ಲ, ತೊಂಬತ್ತು ಚೀಲ ಉಳೀತು. ಡಾಕ್ಟರು ಎಲ್ಲರೆದುರೇ ಸುಭದ್ರಮ್ಮನಿಗೆ, "ಇನ್ನೊಂದು ಸಲ ಹೀಗಾದರೆ ತಾಯಿ ಮಗ ಇಬ್ಬರೂ ಮನೆಗೆ," ಅಂದರು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಕೇಳದ ಮಾತು.

"ಆನ್ ಯಾಕೋ ಮಾಡಲಿಲ್ಲ?"

"ನೀನು ಹೇಳಲಿಲ್ಲವಲ್ಲಮ್ಮಾ."

ಆವತ್ತು ಸ್ವಾಪನ್ನ ಅವಳೇ ಮಾಡಿ ಮುಗಿಸಿದಳು. "ಇನ್ನು ನೀನು ಏನೂ ಮಾಡಬೇಡ. ಕೆಲಸ ಇಲ್ಲದೆ ಸುಮ್ಮನೆ ಕೂತಿರೋದನ್ನ ಆಚೆ ಕಳಿಸೋದು, ಬೇಕಾದಾಗ ಕರೆಸಿಕೊಳ್ಳೋದು. ಸ್ವಾಪ್ ಅಂದರೆ ಅಷ್ಟೇ. ತಿಳಕೋ, ಸಾಕು."

ತಿಳಕೊಂಡ.

ಬುಧವಾರ ಹೆರಿಗೆಯಲ್ಲಿ ರಕ್ತ ಸುರಿದು ಒಬ್ಬ ಹೆಂಗಸು ಒದ್ದಾಡ್ತಿದ್ದಳು. ಅವಳ ಗುಂಪಿನ ರಕ್ತ ಫ್ರಿಜ್ಜಿನಲ್ಲಿರಲಿಲ್ಲ. ಸರ್ವರಿನಲ್ಲಿ ಹುಡುಕಿ, ಫೋನ್ ಮಾಡಿ, ರಕ್ತ ಕೊಡೋಕೆ ಅದೇ ಗುಂಪಿನ ಬಡಗಿ ದ್ಯಾವಪ್ಪನನ್ನ ಕರೆಸಿದ್ದಳು ಸುಭದ್ರಮ್ಮ. ನೂರ್‌ಜಹಾನ್‌ಗೆ ಸೂಜಿ ಚೀಲ ಹೊಂದಿಸೋಕೆ ಹೇಳಿ ಬಂದು ನೋಡಿದರೆ ಅವನನ್ನ ಕೂರಿಸಿದ್ದ ಬೆಂಚು ಖಾಲಿ.

"ದ್ಯಾವಪ್ಪ ಎಲ್ಲೋ?"

"ಸುಮ್ಮನೆ ಕೂತಿದ್ದ ಅಮ್ಮಾ. ಆಚೆ ಕಳಿಸಿದೆ."

ಅವಳು ಬೈಯೋಕೂ ನಿಲ್ಲಲಿಲ್ಲ. ಸ್ಕೂಟರ್ ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ, ಹೊರಟ ಬಸ್ಸಿಗೆ ಅಡ್ಡ ನಿಂತು ದ್ಯಾವಪ್ಪನನ್ನ ಇಳಿಸಿ ಕರೆತಂದಳು. ರಕ್ತ ಹೊತ್ತಿಗೆ ಹೋಯ್ತು. ತಾಯಿ ಉಳಿದಳು, ಮಗು ಅತ್ತಿತು.

ಸುದ್ದಿ ಬಂದ ಮೇಲೆ ಸುಭದ್ರಮ್ಮ ಬೆಂಚಿನ ಮೇಲೆ ಕೂತಳು.

ಮಾರ್ತಾಂಡ ಹತ್ತಿರ ಬಂದು ಬಗ್ಗಿ ನೋಡಿದ. "ಅಮ್ಮಾ, ಸುಮ್ಮನೆ ಕೂತಿದ್ದೀಯಾ?"

"ಹೂಂ ಕಣಪ್ಪಾ," ಅಂದಳು.

ಮಾರ್ತಾಂಡ ಅಮ್ಮನ ಚೀಲ ಅವಳ ಹೆಗಲಿಗೆ ಹಾಕಿದ. ಕೈ ಹಿಡಿದು ಎಬ್ಬಿಸಿ, ಗೇಟಿನಾಚೆ ನಿಲ್ಲಿಸಿ, ಒಳಗಿಂದ ಚಿಲಕ ಹಾಕಿಕೊಂಡ.

"ಬೇಕಾದಾಗ ಕರೆಸ್ತೀನಮ್ಮಾ," ಅಂದ.